ಪಾವಿನ ಲೆಕ್ಕ, ಗ್ರಾಂ ಲೆಕ್ಕ



ಸಂಘದಿಂದ ಸಾಲ ಪಡೆದು ಶಂಕರಪೋಳಿ, ಚಕ್ಕುಲಿ, ಸಾಂಬಾರ್ ಪುಡಿ ಮಾಡಿ ಕಲ್ಯಾಣ ನಗರದ ಅಂಗಡಿಗಳಿಗೆ ಕೊಡುವವರು ನಮ್ಮಲ್ಲಿದ್ದಾರೆ. ಸಾಮಾನು ತರುವುದು ಕಿಲೋದಲ್ಲಿ, ಮನೆಯಲ್ಲಿ ಅಳೆಯುವುದು ಪಾವಿನಲ್ಲಿ, ಮಾರುವುದು ಮತ್ತೆ ಗ್ರಾಂನಲ್ಲಿ. ಈ ಲೆಕ್ಕ ತಪ್ಪಿದರೆ ರುಚಿ ಕೆಡುತ್ತೆ, ಲಾಭವೂ ಸೋರಿಹೋಗುತ್ತೆ.

ಸೇರು, ಪಾವು, ಚಟಾಕು ನಮ್ಮ ಅಜ್ಜಿಯರ ಕಾಲದ ಅಳತೆಗಳು. ನಾಲ್ಕು ಪಾವು ಸೇರಿದರೆ ಒಂದು ಸೇರು. ನಮ್ಮ ದೇಶದಲ್ಲಿ 1958ರಿಂದ ಕಿಲೋಗ್ರಾಂ ತೂಕ ಜಾರಿಗೆ ಬಂದರೂ ಅಡುಗೆಮನೆಯಲ್ಲಿ ಪಾವು ಉಳಿದುಕೊಂಡಿತು. ಪದಾರ್ಥ ಎಷ್ಟು ಜಾಗ ಹಿಡಿಯುತ್ತೆ ಅಂತ ಪಾವು ತೋರಿಸುತ್ತೆ. ಎಷ್ಟು ಭಾರ ಇದೆ ಅಂತ ತಕ್ಕಡಿ ತೋರಿಸುತ್ತೆ. ಎರಡೂ ಒಂದೇ ಅಲ್ಲ.

250 ಮಿಲಿ ಲೀಟರ್ ಹಿಡಿಯುವ ಪಾವಿನಲ್ಲಿ ಸುಮಾರು ತೂಕ ಹೀಗಿರುತ್ತೆ:

ನೀರು – 250 ಗ್ರಾಂ
ಅಡುಗೆ ಎಣ್ಣೆ – 228 ಗ್ರಾಂ
ಸಕ್ಕರೆ – 210 ಗ್ರಾಂ
ಅಕ್ಕಿ – 200 ಗ್ರಾಂ
ಮೈದಾ – 130 ಗ್ರಾಂ

ಒಂದು ಉದಾಹರಣೆ ನೋಡೋಣ. ಶಂಕರಪೋಳಿಗೆ ಒಂದು ಕಿಲೋ ಮೈದಾಕ್ಕೆ ಅರ್ಧ ಕಿಲೋ ಸಕ್ಕರೆ ಅಂತ ಲೆಕ್ಕ ಇದೆ ಅನ್ನಿ. ಅರ್ಧಕ್ಕರ್ಧ ತಾನೇ ಎಂದು ನಾಲ್ಕು ಪಾವು ಮೈದಾಕ್ಕೆ ಎರಡು ಪಾವು ಸಕ್ಕರೆ ಹಾಕಿದರೆ ಏನಾಗುತ್ತೆ? ಮೈದಾ 520 ಗ್ರಾಂ, ಸಕ್ಕರೆ 420 ಗ್ರಾಂ! ಬೇಕಾಗಿದ್ದ ಸಕ್ಕರೆ 260 ಗ್ರಾಂ ಮಾತ್ರ. 160 ಗ್ರಾಂ ಸಕ್ಕರೆ ದಂಡ, ತಿಂಡಿಯೂ ಅತಿ ಸಿಹಿ.

ಎಲ್ಲರ ಮನೆಯ ಪಾವೂ ಒಂದೇ ಗಾತ್ರ ಇರುವುದಿಲ್ಲ. ಆದ್ದರಿಂದ ನಿಮ್ಮ ಪಾವನ್ನು ನೀವೇ ಪರೀಕ್ಷಿಸಿ:

1. ಖಾಲಿ ಪಾವನ್ನು ತೂಕ ಮಾಡಿ ಬರೆದಿಡಿ.
2. ನೀರು ತುಂಬಿ ತೂಗಿ, ಖಾಲಿ ಪಾವಿನ ತೂಕ ಕಳೆಯಿರಿ. ಒಂದು ಗ್ರಾಂ ನೀರು ಅಂದರೆ ಒಂದು ಮಿಲಿ ಲೀಟರ್. ಪಾವಿನ ಗಾತ್ರ ಸಿಕ್ಕಿತು.
3. ಪಾವನ್ನು ಚೆನ್ನಾಗಿ ಒರೆಸಿ, ಒಂದೊಂದೇ ಸಾಮಾನು ತುಂಬಿ, ಚಾಕುವಿನಿಂದ ಮೇಲೆ ಸಮ ಮಾಡಿ ತೂಗಿ. ಗೋಪುರ ಬೇಡ.
4. ಹಿಟ್ಟನ್ನು ಒತ್ತಿ ತುಂಬಿದರೆ ತೂಕ ಹೆಚ್ಚು, ಜರಡಿ ಹಿಡಿದು ತುಂಬಿದರೆ ಕಡಿಮೆ. ಪ್ರತಿ ಸಲ ಒಂದೇ ರೀತಿ ತುಂಬಿ. ಮೂರು ಸಲ ತೂಗಿ ಸರಾಸರಿ ತೆಗೆಯಿರಿ.

ಪುಡಿ ಮಾಡುವವರಿಗೆ ಇನ್ನೊಂದು ಮಾತು. ಧನಿಯಾ, ಮೆಣಸಿನಕಾಯಿ ಹುರಿದಾಗ ನೀರಿನಂಶ ಹೋಗಿ ತೂಕ ಇಳಿಯುತ್ತೆ. ಒಂದು ಕಿಲೋ ಸಾಮಾನಿಗೆ ಒಂದು ಕಿಲೋ ಪುಡಿ ಬರುವುದಿಲ್ಲ. ಪುಡಿಯಾದ ಮೇಲೆ ತೂಗಿ, ಆ ತೂಕದ ಮೇಲೆ ಬೆಲೆ ಕಟ್ಟಿ.

ಮಾರುವಾಗ ಮಾತ್ರ ಪಾವು ಬೇಡ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಪ್ರಕಾರ ಪ್ಯಾಕೆಟ್ ಮೇಲೆ ನಿವ್ವಳ ತೂಕ ಬರೆಯಬೇಕು. ಕವರಿನ ತೂಕ ಅದರಲ್ಲಿ ಸೇರಬಾರದು. ವ್ಯಾಪಾರಕ್ಕೆ ಬಳಸುವ ತಕ್ಕಡಿಗೆ ಇಲಾಖೆಯ ಮುದ್ರೆ ಇರಬೇಕು.

ಮುಂದಿನ ಸಭೆಗೆ ಎಲ್ಲರೂ ತಮ್ಮ ತಮ್ಮ ಪಾವು ತನ್ನಿ. ಒಟ್ಟಿಗೆ ತೂಗಿ, ಪಟ್ಟಿಯನ್ನು ಸಂಘದ ಪುಸ್ತಕದಲ್ಲಿ ಬರೆದಿಡೋಣ. ಯಾರು ಮಾಡಿದರೂ ರುಚಿ ಒಂದೇ ಬಂದರೆ ಗಿರಾಕಿಗಳು ನಂಬಿ ಮತ್ತೆ ಬರುತ್ತಾರೆ.