ಎದೆ ಸೀಳದೆ ಕವಾಟ ಬದಲು: ಯಾರಿಗೆ, ಎಷ್ಟಕ್ಕೆ?

ಬೋಗಾದಿ ರಸ್ತೆಯಲ್ಲಿ ಮಾನಸಗಂಗೋತ್ರಿ ಕಡೆಗೆ ವಾಕಿಂಗ್ ಹೋಗೋ ಹಿರಿಯರನ್ನ ಗಮನಿಸಿ. ನಿವೃತ್ತ ಮೇಷ್ಟ್ರು, ಬ್ಯಾಂಕಿನವರು, ರೈಲ್ವೆಯವರು. ಎರಡು ಸುತ್ತು ಹಾಕ್ತಿದ್ದವರು ಒಂದಕ್ಕೆ ಇಳೀತಾರೆ. ಆಮೇಲೆ ಅರ್ಧ ದಾರಿಗೇ ಕೂರೋಕೆ ಜಾಗ ಹುಡುಕ್ತಾರೆ. ಮನೆಯವರು ಕೇಳಿದ್ರೆ ಒಂದೇ ಉತ್ತರ: ವಯಸ್ಸಾಯ್ತಲ್ಲಪ್ಪ.

ಎಲ್ಲ ಸಲವೂ ಅದು ವಯಸ್ಸಲ್ಲ ಸ್ವಾಮಿ. ಕೆಲವು ಸಲ ಹೃದಯದ ಬಾಗಿಲು ಬಿಗಿದುಕೊಂಡಿರುತ್ತೆ.

ನಮ್ಮ ಹೃದಯದಲ್ಲಿ ನಾಲ್ಕು ಕವಾಟಗಳಿವೆ. ದಿನಕ್ಕೆ ಸುಮಾರು 1 ಲಕ್ಷ ಸಲ ತೆರೆದು ಮುಚ್ಚೋ ಬಾಗಿಲುಗಳವು. ಹೃದಯದಿಂದ ಇಡೀ ದೇಹಕ್ಕೆ ರಕ್ತ ಹೊರಡೋ ಹೆಬ್ಬಾಗಿಲು ಅಂದ್ರೆ ಅಯೋರ್ಟಿಕ್ ಕವಾಟ. ಚೆನ್ನಾಗಿದ್ದಾಗ ಅದು 3ರಿಂದ 4 ಚದರ ಸೆಂಟಿಮೀಟರ್ ತೆರೆಯುತ್ತೆ, ಹೆಚ್ಚೂಕಡಿಮೆ ಒಂದು ರೂಪಾಯಿ ನಾಣ್ಯದಷ್ಟು. ವಯಸ್ಸಾದಂತೆ ಕೆಲವರಲ್ಲಿ ಅದರ ಮೇಲೆ ಸುಣ್ಣದಂಶ ಕೂತು ಗಟ್ಟಿಯಾಗುತ್ತೆ. ತೆರೆಯೋದು 1 ಚದರ ಸೆಂಟಿಮೀಟರ್‌ಗಿಂತ ಕಡಿಮೆಯಾದ್ರೆ, ಅಂದ್ರೆ ಅಂಗಿ ಗುಂಡಿಯಷ್ಟಾದ್ರೆ, ಕಾಯಿಲೆ ತೀವ್ರ ಹಂತಕ್ಕೆ ಬಂತು ಅಂತ ಲೆಕ್ಕ.

ಆಗ ಏನಾಗುತ್ತೆ? ಮೆಟ್ಟಿಲು ಹತ್ತಿದ್ರೆ ಏದುಸಿರು. ನಡೆದ್ರೆ ಎದೆನೋವು. ಇದ್ದಕ್ಕಿದ್ದಂತೆ ತಲೆಸುತ್ತಿ ಬೀಳೋದು. ಈ ಮೂರರಲ್ಲಿ ಒಂದು ಶುರುವಾದ ಮೇಲೆ ಕವಾಟ ಬದಲಿಸದಿದ್ರೆ, ಸುಮಾರು ಅರ್ಧದಷ್ಟು ರೋಗಿಗಳು ಎರಡು ಮೂರು ವರ್ಷ ದಾಟೋದಿಲ್ಲ. ಮಾತ್ರೆಯಿಂದ ಈ ಬಾಗಿಲು ತೆರೆಯೋಲ್ಲ. ಬದಲಿಸಲೇಬೇಕು.

ಹಿಂದೆ ಇದಕ್ಕಿದ್ದದ್ದು ಒಂದೇ ದಾರಿ. ಎದೆಮೂಳೆ ಸೀಳಿ, ಹೃದಯ ನಿಲ್ಲಿಸಿ, ಯಂತ್ರದ ಮೇಲೆ ರಕ್ತ ಓಡಿಸಿ ಕವಾಟ ಹೊಲೀತಿದ್ದರು. ಎಂಬತ್ತರ ಅಜ್ಜಿಗೆ, ಕಿಡ್ನಿ ಸೋತ ತಾತನಿಗೆ ಅದು ಸಾಧ್ಯವಿಲ್ಲ ಅಂತ ವಾಪಸ್ ಕಳಿಸೋರು. ಆ ಕಥೆ ಬದಲಾಗಿದ್ದು ಫ್ರಾನ್ಸ್‌ನ ರುವಾನ್ ಊರಲ್ಲಿ. 2002ರ ಏಪ್ರಿಲ್ 16ರಂದು ಡಾ. ಅಲೈನ್ ಕ್ರಿಬಿಯೆ ಮೊದಲ ಬಾರಿಗೆ ಮನುಷ್ಯನ ರಕ್ತನಾಳದ ಮೂಲಕವೇ ಹೊಸ ಕವಾಟ ಕೂರಿಸಿದರು. ಅದೇ ಇವತ್ತಿನ ಟಾವಿ. ಕೆಲವರು ಟಾವರ್ ಅಂತಾರೆ, ಎರಡೂ ಒಂದೇ.

ಮಾಡೋದು ಹೇಗೆ? ತೊಡೆಸಂದಿಯ ರಕ್ತನಾಳಕ್ಕೆ ಸಣ್ಣ ರಂಧ್ರ. ಅದರೊಳಗೆ ತೆಳು ಕೊಳವೆ. ಅದರ ತುದಿಯಲ್ಲಿ ಮಡಚಿದ ಛತ್ರಿಯಂತೆ ಹೊಸ ಕವಾಟ. ಹಸು ಅಥವಾ ಹಂದಿಯ ಅಂಗಾಂಶವನ್ನ ಲೋಹದ ಜಾಲರಿಗೆ ಹೊಲಿದು ಮಾಡಿದ್ದು. ಹಳೇ ಕವಾಟದ ಜಾಗಕ್ಕೆ ಹೋಗಿ ಅದು ಅರಳುತ್ತೆ, ಹಳೆಯದನ್ನ ಗೋಡೆಗೆ ಒತ್ತಿ ಕೂತುಬಿಡುತ್ತೆ. ಎಷ್ಟೋ ಸಲ ಪೂರ್ತಿ ಅರಿವಳಿಕೆಯೂ ಬೇಕಿಲ್ಲ. ಎಲ್ಲ ಸರಿಹೋದ್ರೆ ಕೆಲವೇ ದಿನಕ್ಕೆ ಮನೆ. ಇದಕ್ಕೆ ಈಗ ಬೆಂಗಳೂರಿಗೇ ಓಡಬೇಕು ಅಂತಿಲ್ಲ, ಮೈಸೂರಲ್ಲೂ ಆಗ್ತಿದೆ.

ಇಷ್ಟು ಕೇಳಿದ್ರೆ ಪವಾಡ ಅನ್ಸುತ್ತೆ. ಉಳಿದರ್ಧವನ್ನೂ ಕೇಳಿ. ಪಾರ್ಶ್ವವಾಯು, ರಕ್ತಸ್ರಾವ, ಕವಾಟದ ಅಂಚಲ್ಲಿ ಸೋರಿಕೆ, ಈ ಅಪಾಯಗಳು ಇದ್ದೇ ಇವೆ. ಕೆಲವರಿಗೆ ಪೇಸ್‌ಮೇಕರ್ ಹಾಕಬೇಕಾಗುತ್ತೆ. ಅಂಗಾಂಶದ ಕವಾಟ ಶಾಶ್ವತವೂ ಅಲ್ಲ, ವರ್ಷಗಳು ಕಳೆದಂತೆ ಸವೆಯುತ್ತೆ. ಅದಕ್ಕೇ 2020ರ ಅಮೆರಿಕದ ಮಾರ್ಗಸೂಚಿ ಸಾಮಾನ್ಯವಾಗಿ 65ರೊಳಗಿನವರಿಗೆ ಶಸ್ತ್ರಚಿಕಿತ್ಸೆ, 80 ದಾಟಿದವರಿಗೆ ಟಾವಿ ಅನ್ನುತ್ತೆ. ನಡುವಿನವರು ವೈದ್ಯರ ಜತೆ ಕೂತು ತೀರ್ಮಾನಿಸಬೇಕು. ನಲವತ್ತೈದರ ಮನುಷ್ಯ 'ನನಗೂ ಎದೆ ಸೀಳದೇ ಇರೋದೇ ಬೇಕು' ಅಂತ ಹಟ ಹಿಡಿಯೋದು ಜಾಣತನ ಅಲ್ಲ.

ಈಗ ದುಡ್ಡಿನ ಮಾತು. ಖಾಸಗಿ ಆಸ್ಪತ್ರೆಯಲ್ಲಿ ಟಾವಿಗೆ ಹತ್ತಿಪ್ಪತ್ತು ಲಕ್ಷದ ಲೆಕ್ಕ. ಅದರಲ್ಲಿ ದೊಡ್ಡ ಪಾಲು ಕವಾಟದ್ದೇ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಕಾರ್ಡ್ ಕೊಡೋ ವರ್ಷದ ಮಿತಿ 5 ಲಕ್ಷ. ಉಳಿದದ್ದು ಎಲ್ಲಿಂದ ಬರಬೇಕು? ಸೈಟ್ ಮಾರಿ? ಪಿಎಫ್ ಖಾಲಿ ಮಾಡಿ?

2017ರ ಫೆಬ್ರವರಿ ನೆನಪಿದೆಯಾ? ಕೇಂದ್ರ ಸರ್ಕಾರ ಸ್ಟೆಂಟ್ ಬೆಲೆಗೆ ಮಿತಿ ಹಾಕಿತು. ಲಕ್ಷದ ಮೇಲೆ ಬಿಲ್ ಆಗ್ತಿದ್ದ ಔಷಧಿ ಲೇಪಿತ ಸ್ಟೆಂಟ್ ಒಂದೇ ಏಟಿಗೆ 30 ಸಾವಿರದ ಆಸುಪಾಸಿಗೆ ಬಂತು. ಗುಜರಾತಿನ ವಾಪಿಯ ಮೆರಿಲ್ ಕಂಪನಿ ನಮ್ಮಲ್ಲೇ ಟಾವಿ ಕವಾಟ ತಯಾರಿಸ್ತಿದೆ. ಸ್ಟೆಂಟ್‌ಗೆ ತೋರಿಸಿದ ಧೈರ್ಯ ಕವಾಟಕ್ಕೆ ಯಾಕೆ ಬೇಡ? ಮೊದಲು ಚಿಕಿತ್ಸೆ, ದುಡ್ಡು ಆಮೇಲೆ ಅಂತ ಹೆಸರು ಮಾಡಿದ ಜಯದೇವ ಆಸ್ಪತ್ರೆ ಮೈಸೂರಿನ ಕೆಆರ್‌ಎಸ್ ರಸ್ತೆಯಲ್ಲೇ ಇದೆ. ಅಂಥ ಸರ್ಕಾರಿ ಸಂಸ್ಥೆಗಳು ಕವಾಟಗಳನ್ನ ಒಟ್ಟಿಗೆ ಖರೀದಿಸಿದ್ರೆ ಬೆಲೆ ಇಳಿಸೋಕೆ ಚೌಕಾಸಿ ಮಾಡಬಹುದಲ್ಲ?

ಅಲ್ಲಿವರೆಗೆ ನೀವು ಮಾಡಬಹುದಾದ ಕೆಲಸ ಒಂದಿದೆ. ಮನೇಲಿ ಎಪ್ಪತ್ತರ ಹಿರಿಯರು ನಡಿಗೆ ಕಡಿಮೆ ಮಾಡಿದ್ರೆ, ಕಾರಣ ಕೇಳಿ. ವೈದ್ಯರಿಗೆ ಸ್ಟೆತಸ್ಕೋಪ್ ಇಟ್ಟು ಹೃದಯದ ಸದ್ದು ಕೇಳೋಕೆ ಹೇಳಿ. ಬಿಗಿದ ಕವಾಟ ಬಹಳಷ್ಟು ಸಲ ಅಲ್ಲೇ ಸುಳಿವು ಕೊಡುತ್ತೆ. ಅನುಮಾನ ಬಂದ್ರೆ ಒಂದು ಎಕೋ ಮಾಡಿಸಿ. ಸೂಜಿ ಚುಚ್ಚೋದಿಲ್ಲ, ಅರ್ಧ ಗಂಟೆಯ ಕೆಲಸ. ಲಕ್ಷಗಳ ಮಾತು ಆಮೇಲಿನದು. ಕಾಯಿಲೆ ಇದೆ ಅಂತ ಗೊತ್ತಾಗೋದೇ ಮೊದಲ ಚಿಕಿತ್ಸೆ.