ಉಳಿಯದ ಡಂಪ್ ಸೆಟ್ಟಿಂಗ್

ಪ್ರಶ್ನೆ: ಕಂಪ್ಯೂಟರ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಮೆಮೊರಿ ಡಂಪ್ ಸೆಟ್ಟಿಂಗ್ ಬದಲಿಸಿ ಓಕೆ ಒತ್ತಿದರೂ ರೀಸ್ಟಾರ್ಟ್ ಆದ ಮೇಲೆ ಮತ್ತೆ ಹಳೆಯದೇ. ಯಾಕೆ?
– ಓದುಗರು, ಅಕ್ಕಲಕೋಟೆ

ಉತ್ತರ: ನೀವು ನೋಡುವ ‘ಸ್ಟಾರ್ಟಪ್ ಅಂಡ್ ರಿಕವರಿ’ ಕಿಟಕಿ ಬರೀ ಮುಖ. ಅಸಲಿ ಲೆಕ್ಕ ಇರುವುದು ರಿಜಿಸ್ಟ್ರಿಯ ‘ಕ್ರ್ಯಾಶ್‌ಕಂಟ್ರೋಲ್’ ಕೀಯೊಳಗಿನ ‘ಕ್ರ್ಯಾಶ್‌ಡಂಪ್‌ಎನೇಬಲ್ಡ್’ ಎಂಬ ಅಂಕಿಯಲ್ಲಿ. 0 ಎಂದರೆ ಡಂಪ್ ಬೇಡ, 1 ಪೂರ್ತಿ, 2 ಕರ್ನಲ್, 3 ಸಣ್ಣದು, 7 ಆಟೊಮ್ಯಾಟಿಕ್. ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಬದಲಿಸಿ, ರೀಸ್ಟಾರ್ಟ್ ಮಾಡಿ, ಆ ಅಂಕಿಯನ್ನೇ ನೋಡಿ. ತಿರುಗಿ ಹಳೆಯದಾಗಿದ್ದರೆ ಯಾವುದೋ ಪ್ರೋಗ್ರಾಂ ಕೈ ಹಾಕುತ್ತಿದೆ. ನನ್ನ ಮೊದಲ ಅನುಮಾನ ‘ಸ್ಪೀಡ್ ಹೆಚ್ಚಿಸುವ’ ಕ್ಲೀನರ್‌ಗಳ ಮೇಲೆ. ತೆಗೆದುಹಾಕಿ, ನಷ್ಟವೇನಿಲ್ಲ.

ಅಂಕಿ ಉಳಿದೂ ಫೈಲ್ ಬರದಿದ್ದರೆ ಪೇಜ್ ಫೈಲ್ ನೋಡಿ. ಜಾಗ ಉಳಿಸಲೆಂದು ಸಿ ಡ್ರೈವ್‌ನಲ್ಲಿ ಅದನ್ನು ಬಂದ್ ಮಾಡಿದವರೇ ಹೆಚ್ಚು. ಸಣ್ಣ ಡಂಪ್‌ಗೂ ಕನಿಷ್ಠ 2 ಎಂಬಿ ಪೇಜ್ ಫೈಲ್ ಬೇಕು. ಪೂರ್ತಿ ಡಂಪ್‌ಗೆ ರ್‍ಯಾಮ್‌ನಷ್ಟು, ಮೇಲೆ 257 ಎಂಬಿ; ಅಂದರೆ 8 ಜಿಬಿ ಯಂತ್ರಕ್ಕೆ 8,449 ಎಂಬಿ. ಸಿ ಡ್ರೈವ್‌ನಲ್ಲಿ 25 ಜಿಬಿಗಿಂತ ಕಡಿಮೆ ಖಾಲಿ ಇದ್ದರೆ ವಿಂಡೋಸ್ ದೊಡ್ಡ ಡಂಪನ್ನು ತಾನೇ ಅಳಿಸಿಬಿಡುವುದೂ ಉಂಟು. ಅಂಗಡಿ, ಮನೆಯ ಯಂತ್ರಕ್ಕೆ ಸಣ್ಣ ಡಂಪ್ ಸಾಕು. 256 ಕೆಬಿಯ ಆ ಫೈಲ್ ‘ಮಿನಿಡಂಪ್’ ಫೋಲ್ಡರ್‌ನಲ್ಲಿ ಸಿಗುತ್ತದೆ.

ಸೊಲ್ಲಾಪುರದ ಪವರ್‌ಲೂಮ್ ಕಾರ್ಖಾನೆಗಳ ಆಫೀಸಿನವರಿಗೂ ಒಂದು ಮಾತು: ಕರೆಂಟ್ ಹೋಗಿ ಯಂತ್ರ ಆರಿದರೆ ಯಾವ ಸೆಟ್ಟಿಂಗ್ ಇದ್ದರೂ ಡಂಪ್ ಹುಟ್ಟುವುದಿಲ್ಲ. ಇವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಇದ್ದು ಬಗ್‌ಚೆಕ್ ಕೋಡ್ 0 ಆಗಿದ್ದರೆ ಮೊದಲು ಯುಪಿಎಸ್ ಬ್ಯಾಟರಿ ಪರೀಕ್ಷಿಸಿ.