ಕನ್ನಡಕ ಬಿಡಿಸುವ ಲೇಸರ್ ಚಿಕಿತ್ಸೆ: ಯಾರಿಗೆ ಯಾವುದು?

ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಕನ್ನಡಕ ಕೊಡುವ ತೊಂದರೆಯನ್ನು ಹಾಕಿಕೊಂಡವರೇ ಬಲ್ಲರು. ಲೇಸರ್ ಚಿಕಿತ್ಸೆಗೆ ಸಾಲ ಸಿಗುವುದೇ ಎಂದು ಸಂಘದ ಕಚೇರಿಗೆ ಬಂದು ವಿಚಾರಿಸುವ ತರುಣ ಸದಸ್ಯರು ಈಚೆಗೆ ಹೆಚ್ಚಾಗಿದ್ದಾರೆ. ಸಾಲದ ಮಾತು ಆಡಳಿತ ಮಂಡಳಿಗೆ ಬಿಟ್ಟದ್ದು. ಆದರೆ ಲೇಸರ್ ಎಂಬ ಒಂದೇ ಹೆಸರಿನಡಿ ಮುಖ್ಯವಾಗಿ ಮೂರು ಬಗೆಯ ಚಿಕಿತ್ಸೆಗಳಿವೆ; ಮರ ಹತ್ತುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತಿರುವ ಪಾರದರ್ಶಕ ಪಟಲವೇ ಕಾರ್ನಿಯಾ. ನಡುವೆ ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಅದರ ಬಾಗನ್ನು ತಿದ್ದಿ ಬೆಳಕು ಸರಿಯಾದ ಜಾಗದಲ್ಲಿ ಬೀಳುವಂತೆ ಮಾಡುವುದು ಮೂರರ ತತ್ವವೂ ಹೌದು. ಎಕ್ಸೈಮರ್ ಲೇಸರ್ ಸುತ್ತಲಿನ ಭಾಗವನ್ನು ಸುಡದೆ ಅಂಗಾಂಶವನ್ನು ನಯವಾಗಿ ಕೊರೆಯುತ್ತದೆಂದು 1981ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ಕಂಡುಕೊಂಡ ಮೂವರಲ್ಲಿ ಭಾರತದಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಒಬ್ಬರು. ಮೊದಲ ಪ್ರಯೋಗ ನಡೆದದ್ದು ಹಬ್ಬದೂಟದಲ್ಲಿ ಮಿಕ್ಕ ಟರ್ಕಿ ಕೋಳಿಯ ಮೇಲೆ!

ಮೂರರಲ್ಲಿ ಹಳೆಯದು ಪಿ.ಆರ್.ಕೆ. ಕಾರ್ನಿಯಾದ ಮೇಲಿನ ತೆಳುಸಿಪ್ಪೆ ತೆಗೆದು ಲೇಸರ್ ಹಾಯಿಸುತ್ತಾರೆ. ಸಿಪ್ಪೆ ಮತ್ತೆ ಬೆಳೆಯುವ ನಾಲ್ಕೈದು ದಿನ ನೋವು, ನೀರು ಸುರಿತ ಇರುತ್ತದೆ. ನೋಟ ತಿಳಿಯಾಗಲು ವಾರಗಳೇ ಬೇಕು. ಕೆಲವು ತಿಂಗಳು ಬಿಸಿಲಿಗೆ ತಂಪು ಕನ್ನಡಕ ತಪ್ಪದು.

ಲಾಸಿಕ್‌ನಲ್ಲಿ ಕಾರ್ನಿಯಾದ ಮೇಲ್ಪದರವನ್ನು ಡಬ್ಬಿಯ ಮುಚ್ಚಳದಂತೆ ಒಂದು ಕಡೆ ಅಂಟಿಕೊಂಡಿರುವಂತೆ ಕೊಯ್ದು, ಎತ್ತಿ, ಒಳಗೆ ತಿದ್ದಿ ಮುಚ್ಚುತ್ತಾರೆ. ನೋವು ಕಡಿಮೆ, ಬಹಳ ಮಂದಿಗೆ ಮರುದಿನವೇ ಚೆನ್ನಾಗಿ ಕಾಣುತ್ತದೆ. ಆದರೆ ಆ ಮುಚ್ಚಳ ಮೊದಲಿನಷ್ಟು ಗಟ್ಟಿಯಾಗಿ ಎಂದೂ ಕೂಡುವುದಿಲ್ಲ. ವರ್ಷಗಳು ಕಳೆದ ಮೇಲೂ ಬಲವಾದ ಪೆಟ್ಟು ಬಿದ್ದರೆ ಜರುಗಬಹುದು. ಕಣ್ಣು ಒಣಗುವ ತೊಂದರೆಯೂ ಇದರಲ್ಲಿ ಹೆಚ್ಚು.

ಹೊಸದು ಸ್ಮೈಲ್. ಮುಚ್ಚಳವಿಲ್ಲ. ಲೇಸರಿನಿಂದ ಒಳಗೇ ಒಂದು ಬಿಲ್ಲೆ ಕತ್ತರಿಸಿ, ಎರಡರಿಂದ ನಾಲ್ಕು ಮಿಲಿಮೀಟರಿನ ಸೀಳಿನಿಂದ ಹೊರಗೆಳೆಯುತ್ತಾರೆ. ಹೆಚ್ಚಾಗಿ ಸಮೀಪದೃಷ್ಟಿಯವರಿಗೆ ಮಾಡುತ್ತಾರೆ. ಖರ್ಚು ಸಾಮಾನ್ಯವಾಗಿ ಜಾಸ್ತಿ.

ಕೊನೆ ಕೊಯ್ಯುವವರಿಗೂ, ಮರಗಸಿ ಮಾಡುವವರಿಗೂ ಸೋಗೆ, ಕೊಂಬೆಗಳ ಪೆಟ್ಟು ಹೊಸದಲ್ಲ. ಅಂಥವರು ವೈದ್ಯರಿಗೆ ತಮ್ಮ ಕೆಲಸ ಏನೆಂದು ಬಿಡಿಸಿ ಹೇಳಿ, ಪಿ.ಆರ್.ಕೆ. ಅಥವಾ ಸ್ಮೈಲ್ ಆಗುವುದೇ ಎಂದು ಮೊದಲು ಕೇಳಬೇಕೆಂಬುದು ನಮ್ಮ ಅಭಿಪ್ರಾಯ. ಲೆಕ್ಕಪತ್ರ ನೋಡಿಕೊಂಡಿರುವವರಿಗೆ ಲಾಸಿಕ್ ಸಾಕು. ಯಾವುದಾದರೂ ಸರಿ, ಔಷಧಿ ಹೊಡೆಯುವ ಅಥವಾ ಕಾಫಿ ಕೊಯ್ಲಿನ ಹೊತ್ತಿಗೆ ಮಾಡಿಸಿಕೊಳ್ಳಬೇಡಿ. ಧೂಳು, ಮೈಲುತುತ್ತ ಹಸಿ ಕಣ್ಣಿಗೆ ಆಗದು.

ಕಾರ್ನಿಯಾ ತೆಳುವಾಗಿದ್ದರೆ ಅಥವಾ ಶಂಕುವಿನಂತೆ ಮುಂದಕ್ಕೆ ಉಬ್ಬುವ ಕಾಯಿಲೆಯಿದ್ದರೆ ಈ ಚಿಕಿತ್ಸೆಯಿಂದ ದೃಷ್ಟಿಯೇ ಕೆಡಬಹುದು. ಆದ್ದರಿಂದ ಕಾರ್ನಿಯಾದ ದಪ್ಪ, ಆಕಾರಗಳ ನಕ್ಷೆ ತೆಗೆಯದೆ ದಿನ ಗೊತ್ತುಮಾಡುವವರಲ್ಲಿಗೆ ಹೋಗಲೇಬೇಡಿ. ಹದಿನೆಂಟು ತುಂಬದವರಿಗೆ, ನಂಬರು ಇನ್ನೂ ಬದಲಾಗುತ್ತಿರುವವರಿಗೆ, ಗರ್ಭಿಣಿಯರಿಗೆ ಇದು ಸಲ್ಲದು.

ನಲವತ್ತು ದಾಟಿದ ನಮ್ಮಂಥವರಿಗೆ ದೂರದ ನೋಟ ತಿದ್ದಿದರೂ ಓದಲು ಚಾಳೀಸು ಬೇಕೇ ಬೇಕು. ಕಣ್ಣಿನ ಪೊರೆಗೂ ಈ ಚಿಕಿತ್ಸೆಗೂ ಸಂಬಂಧವಿಲ್ಲ. ಪೊರೆ ಬಂದರೆ ಮಸೂರವನ್ನೇ ತೆಗೆದು ಕೃತಕ ಮಸೂರ ಇಡಬೇಕು. ಹಿಂದೆ ಲೇಸರ್ ಮಾಡಿಸಿಕೊಂಡವರಲ್ಲಿ ಆ ಮಸೂರದ ಲೆಕ್ಕ ಹಾಕುವುದು ಕಷ್ಟ, ಹಳೆಯ ಅಳತೆಗಳಿದ್ದರೆ ಅನುಕೂಲ. ಆ ಕಾಗದಗಳನ್ನು ಪಹಣಿಯ ಜೊತೆಯಲ್ಲೇ ಇಟ್ಟುಕೊಳ್ಳಿ.